ಹಾಡುವವರು, ಹಾಡಿಸುವವರು

ಏಜೆಂಟ್ ಎಂದರೆ, ಹೇಳಿದ ಕೆಲಸವನ್ನು ತಾನೇ ಹೆಜ್ಜೆಗಳಾಗಿ ಬಿಡಿಸಿಕೊಂಡು, ಬೇಕಾದ ಸಲಕರಣೆಗಳನ್ನು ತಾನೇ ಆರಿಸಿಕೊಂಡು ಮಾಡಿ ಮುಗಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ. ಇಂಥ ಏಜೆಂಟ್ ಈಗ ಸಂಗೀತ ತಯಾರಿಸುವ ಸಾಫ್ಟ್‌ವೇರ್‌ಗಳ ಒಳಕ್ಕೂ ಬಂದಿದೆ. ರೀಪರ್ ಎಂಬ ಸಾಫ್ಟ್‌ವೇರ್ ಲೂವಾ, ಪೈಥಾನ್ ಭಾಷೆಗಳಲ್ಲಿ ಬರೆದ ಆದೇಶಗಳಿಗೆ ಓಗೊಡುತ್ತದೆ. ಎಬಲ್ಟನ್ ಲೈವ್ ಅನ್ನೂ ಪೈಥಾನ್ ಸ್ಕ್ರಿಪ್ಟುಗಳ ಮೂಲಕ ಹೊರಗಿನಿಂದ ನಡೆಸಬಹುದು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಸಂಪರ್ಕ ನಿಯಮವನ್ನು ಪ್ರಕಟಿಸಿದ ಮೇಲೆ ಏಜೆಂಟಿನ ಮಿದುಳಾದ ಭಾಷಾ ಮಾದರಿಗೂ ಇಂಥ ಸಾಫ್ಟ್‌ವೇರ್‌ಗೂ ನಡುವೆ ಸೇತುವೆ ಕಟ್ಟುವುದು ಸುಲಭವಾಯಿತು. ಹೊಸ ಟ್ರ್ಯಾಕ್ ತೆರೆಯುವುದು, ಸ್ವರ ಬರೆಯುವುದು, ದನಿಯ ಮಟ್ಟ ಬದಲಿಸುವ ಫೇಡರ್ ಏರಿಳಿಸುವುದು, ಹಾಡಿದ ದನಿಯ ಶ್ರುತಿ ತಿದ್ದುವುದು, ಬೇಡವಾದ ಟೇಕ್ (ಒಂದು ಬಾರಿಯ ಧ್ವನಿಮುದ್ರಣ) ಅಳಿಸುವುದು, ಕೊನೆಗೆ ಹಾಡನ್ನು ಒಂದು ಫೈಲಾಗಿ ಹೊರತೆಗೆಯುವುದು ಎಲ್ಲವೂ ಏಜೆಂಟಿನ ಕೈಗೆಟಕುತ್ತವೆ. ಇವುಗಳಲ್ಲಿ ಯಾವುದನ್ನು ಅದು ಕೇಳದೆ ಮುಟ್ಟಬಹುದು, ಯಾವುದಕ್ಕೆ ಅಪ್ಪಣೆ ಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಗೆರೆ ಎಳೆಯುವ ಕೆಲಸ ಸಾಫ್ಟ್‌ವೇರ್ ಬರೆಯುವವರ ಪಾಲಿಗೆ ಬಂದಿದೆ. ಆದರೆ ಗೆರೆ ಎಲ್ಲಿ ಬೀಳಬೇಕು ಎಂಬುದು ಸಾಫ್ಟ್‌ವೇರ್‌ನಿಂದ ತಿಳಿಯುವುದಿಲ್ಲ. ಒಬ್ಬರು ಹೇಳಿ ಇನ್ನೊಬ್ಬರು ಮಾಡಿದ ಕೆಲಸ ಯಾರದು, ಅದರ ಫಲ ಯಾರಿಗೆ, ಕೆಟ್ಟರೆ ಉತ್ತರ ಕೊಡಬೇಕಾದವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಈ ನಾಡಿನ ವ್ಯಾಕರಣ, ಮೀಮಾಂಸೆ, ವೇದಾಂತಗಳು ಇದೇ ಪ್ರಶ್ನೆಯ ಮೇಲೆ ಶತಮಾನಗಳ ಕಾಲ ದುಡಿದಿವೆ.

ಪ್ರಶ್ನೆಗೆ ಜೀವ ಬರುವಂಥ ಒಂದು ಪ್ರಸಂಗ ಕೊಯಮತ್ತೂರಿನ ಸಿಂಗಾನಲ್ಲೂರಿನದು. ನೊಯ್ಯಲ್ ಹೊಳೆಯ ನೀರು ತುಂಬುವ ಕೆರೆಯ ಈ ಊರಿನಲ್ಲಿ, ತಿರುಚ್ಚಿ ರಸ್ತೆಯ ಮಗ್ಗುಲಲ್ಲಿ, 1930ರ ದಶಕದ ನಡುವಿನಲ್ಲಿ ಸೆಂಟ್ರಲ್ ಸ್ಟುಡಿಯೋಸ್ ತಲೆಯೆತ್ತಿತು. ಮದ್ರಾಸಿಗೆ ಹೋಗದೆಯೇ ದೊಡ್ಡ ಚಿತ್ರಗಳನ್ನು ಮಾಡಬಹುದು ಎಂದು ತೋರಿಸಿದ ಜಾಗ ಅದು. ಎಂ.ಜಿ. ರಾಮಚಂದ್ರನ್ ನಾಯಕರಾದ 1947ರ ‘ರಾಜಕುಮಾರಿ’ಯನ್ನು ಜ್ಯೂಪಿಟರ್ ಪಿಕ್ಚರ್ಸ್ ಅಲ್ಲಿಯೇ ತೆಗೆಯಿತು. ಆ ಕಂಪನಿಯ ಸಂಗೀತ ನಿರ್ದೇಶಕರು ಎಸ್.ಎಂ. ಸುಬ್ಬಯ್ಯ ನಾಯ್ಡು. ಅವರ ಕೋಣೆಯಲ್ಲಿ ಚಹಾ ತಂದುಕೊಡುವ, ವಾದ್ಯಗಳ ಧೂಳು ಒರೆಸುವ ಆಫೀಸ್ ಹುಡುಗನೊಬ್ಬ ಇದ್ದ. ಹೆಸರು ವಿಶ್ವನಾಥನ್, ಪಾಲಕ್ಕಾಡಿನ ಎಲಪ್ಪುಳ್ಳಿಯವನು, 1928ರಲ್ಲಿ ಹುಟ್ಟಿದವನು.

ಮುಂದೆ ಎಂ.ಎಸ್. ವಿಶ್ವನಾಥನ್ ಎಂದು ದಕ್ಷಿಣ ಭಾರತಕ್ಕೆಲ್ಲ ಪರಿಚಿತರಾದ ಮೇಲೆ ಅವರು ಈ ದಿನಗಳನ್ನು ಮತ್ತೆ ಮತ್ತೆ ನೆನೆದಿದ್ದಾರೆ. 1948ರ ‘ಅಭಿಮನ್ಯು’ ಚಿತ್ರದ ಒಂದು ಹಾಡಿಗೆ ಸುಬ್ಬಯ್ಯ ನಾಯ್ಡು ಅವರಿಗೆ ಧಾಟಿ ಒಲಿಯುತ್ತಿರಲಿಲ್ಲ. ಅವರು ಇಲ್ಲದ ಹೊತ್ತಿನಲ್ಲಿ ಹುಡುಗ ಹಾರ್ಮೋನಿಯಂ ಮುಂದೆ ಕುಳಿತು ತನ್ನಷ್ಟಕ್ಕೆ ಒಂದು ಧಾಟಿ ನುಡಿಸಿಕೊಂಡ. ನಾಯ್ಡು ಅದನ್ನು ಕೇಳಿಸಿಕೊಂಡರು, ಮೆಚ್ಚಿದರು, ಅದನ್ನೇ ಚಿತ್ರಕ್ಕೆ ಬಳಸಿದರು. ಆದರೆ ಆಫೀಸ್ ಹುಡುಗನ ಧಾಟಿ ಎಂದರೆ ಕಂಪನಿ ಒಪ್ಪುವುದಿಲ್ಲ ಎಂದು, ಯಾರಿಗೂ ಹೇಳಬೇಡ ಎಂದು ಹುಡುಗನಿಗೆ ತಾಕೀತು ಮಾಡಿ, ಅದನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡರು. ಜ್ಯೂಪಿಟರ್ ಕೊಯಮತ್ತೂರು ಬಿಟ್ಟು ಮದ್ರಾಸಿಗೆ ಹೊರಟಾಗ ನಾಯ್ಡು ಅವರೇ ಯಜಮಾನರ ಮುಂದೆ ನಿಂತು ಆ ಧಾಟಿ ಈ ಹುಡುಗನದು, ಇವನನ್ನು ಕೈಬಿಡಬೇಡಿ ಎಂದು ನಿಜ ಹೇಳಿದರು. 1952ರಲ್ಲಿ ‘ಪಣಂ’ ಚಿತ್ರದಿಂದ ವಿಶ್ವನಾಥನ್ ಮತ್ತು ರಾಮಮೂರ್ತಿ ಜೋಡಿಯ ಹೆಸರು ತೆರೆಯ ಮೇಲೆ ಬರತೊಡಗಿತು. ಆ ಜೋಡಿಯ ಬಳಿ ಸಹಾಯಕರಾಗಿ ದುಡಿದ ಜಿ.ಕೆ. ವೆಂಕಟೇಶ್ ಕನ್ನಡ ಚಿತ್ರಸಂಗೀತಕ್ಕೆ ಒಂದು ಕಾಲದ ದನಿಯನ್ನೇ ಕೊಟ್ಟರು. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು ಇಳಯರಾಜಾ.

ಈ ಪ್ರಸಂಗದಲ್ಲಿ ನಾಲ್ಕು ಸಂಗತಿಗಳು ಹೆಣೆದುಕೊಂಡಿವೆ. ವಾದ್ಯ ಮುಟ್ಟಲು ಅಪ್ಪಣೆ ಇಲ್ಲದವನು ಅದನ್ನು ಮುಟ್ಟಿದ. ಆಗಿದ್ದು ಹಾನಿಯಲ್ಲ, ಲಾಭ. ಮಾಡಿದವನ ಹೆಸರು ಮರೆಯಾಯಿತು, ಅದು ಅನ್ಯಾಯ. ಕಡೆಗೆ ಆ ಅನ್ಯಾಯವನ್ನು ಸರಿಪಡಿಸಿದವರು, ಹಾಡು ಕೆಟ್ಟಿದ್ದರೆ ಬೈಗುಳಕ್ಕೆ ಗುರಿಯಾಗುತ್ತಿದ್ದವರೂ ಆದ ನಾಯ್ಡು. ಏಜೆಂಟಿನ ಕೈಗೆ ಸಲಕರಣೆ ಕೊಡುವ ಮಾತು ಬಂದಾಗ ಎಲ್ಲರ ಗಮನ ಮೊದಲನೆಯದರ ಮೇಲೆ, ಮುಟ್ಟಿದ್ದು ಸರಿಯೇ ತಪ್ಪೇ ಎಂಬುದರ ಮೇಲೆ ನಿಲ್ಲುತ್ತದೆ. ತತ್ತ್ವದ ದೃಷ್ಟಿಯಿಂದ ತೂಕವಿರುವುದು ಕೊನೆಯದಕ್ಕೆ. ಮುಟ್ಟಿದ ಕೈಯ ಹಿಂದೆ ಉತ್ತರ ಕೊಡಬಲ್ಲ ಒಬ್ಬ ಮನುಷ್ಯ ಉಳಿದಿರುತ್ತಾನೆಯೇ?

ಕನ್ನಡ ವ್ಯಾಕರಣ ಈ ಪ್ರಶ್ನೆಯನ್ನು ಕ್ರಿಯಾಪದದ ಬಾಲದಲ್ಲೇ ಇಟ್ಟುಕೊಂಡಿದೆ. ಮಾಡು, ಮಾಡಿಸು, ಹಾಡು, ಹಾಡಿಸು, ಬರೆ, ಬರೆಸು. ‘ಇಸು’ ಸೇರಿದ ಕೂಡಲೇ ಕೆಲಸಕ್ಕೆ ಇಬ್ಬರು ಒಡೆಯರಾಗುತ್ತಾರೆ. ಸಂಸ್ಕೃತ ವೈಯಾಕರಣ ಪಾಣಿನಿಯೂ ಕಾರಕಗಳನ್ನು, ಎಂದರೆ ಕ್ರಿಯೆಯಲ್ಲಿ ಪಾಲುಗೊಳ್ಳುವವನ್ನು, ವಿವರಿಸುವಾಗ ಕರ್ತೃವನ್ನು ಸ್ವತಂತ್ರನೆಂದು ಗುರುತಿಸುತ್ತಾನೆ. ಕರಣವನ್ನು ಕೆಲಸ ಸಾಧಿಸುವಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಎನ್ನುತ್ತಾನೆ. ಅದರ ಮಗ್ಗುಲಲ್ಲೇ, ಕರ್ತೃವನ್ನು ಕೆಲಸಕ್ಕೆ ಹಚ್ಚುವವನನ್ನು ಹೇತು ಎಂದು ಕರೆದು, ಅವನನ್ನೂ ಕರ್ತೃವೆಂದೇ ಎಣಿಸುತ್ತಾನೆ. ಮಾಡಿಸುವವನು ಮಾಡುವವನ ಸ್ವಾತಂತ್ರ್ಯವನ್ನು ಕಸಿಯುವುದಿಲ್ಲ. ಹಾಗೆಂದು ತಾನು ಹೊಣೆಯಿಂದ ಹೊರಗೂ ಉಳಿಯುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಶಾಸನ ಚಾವುಂಡರಾಯ ಅದನ್ನು ಮಾಡಿಸಿದನೆಂದು ಹೇಳುತ್ತದೆ. ಕೆತ್ತಿದವರ ಹೆಸರು ಅಲ್ಲಿಲ್ಲ. ಎರಡು ಮೂರು ಶತಮಾನ ಕಳೆದ ಮೇಲೆ ಹೊಯ್ಸಳ ದೇಗುಲಗಳಲ್ಲಿ ಮಲ್ಲಿತಮ್ಮನಂಥ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ತಮ್ಮ ಹೆಸರು ಕೆತ್ತಿದರು. ಮಾಡಿದವರು, ಮಾಡಿಸಿದವರು ಇಬ್ಬರ ಹೆಸರೂ ಕಲ್ಲಿನ ಮೇಲೆ ಉಳಿಯಬೇಕೆಂಬ ಅರಿವು ಆಗ ಮೂಡಿತ್ತು.

ವಾದ್ಯದ ವಿಷಯದಲ್ಲಿ ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಇದೆ. ವೀಣೆಯನ್ನು ಬಾರಿಸುತ್ತಾರೆ ಎನ್ನುವುದಕ್ಕಿಂತ ನುಡಿಸುತ್ತಾರೆ ಎನ್ನುವುದೇ ರೂಢಿ. ‘ನುಡಿಸು’ ಎಂಬುದು ‘ನುಡಿ’ಯ ಪ್ರೇರಣಾರ್ಥಕ, ವೀಣೆ ನುಡಿಯುತ್ತದೆ, ವೈಣಿಕ ನುಡಿಸುತ್ತಾನೆ. ವಾದ್ಯಕ್ಕೆ ಬಾಯಿಲ್ಲ ಎಂದು ಈ ಭಾಷೆ ಎಂದೂ ತಿಳಿಯಲಿಲ್ಲ. ಬಸವಣ್ಣನ ಒಂದು ಪ್ರಸಿದ್ಧ ವಚನದಲ್ಲಿ ಭಕ್ತ ತನ್ನ ಮೈಯನ್ನೇ ವಾದ್ಯವಾಗಿ ಒಪ್ಪಿಸಿಕೊಂಡು, ಅದನ್ನು ಬಾರಿಸುವ ಕೈ ಕೂಡಲಸಂಗನದಾಗಲಿ ಎಂದು ಬೇಡುತ್ತಾನೆ. ಹೀಗಿರುವಾಗ ಯಂತ್ರ ತಾನೇ ಸಂಗೀತ ನುಡಿಯಿತು ಎಂದರೆ ಕನ್ನಡಿಗರಿಗೆ ಬೆರಗಾಗಬೇಕಾಗಿಲ್ಲ. ಬೆರಗು ಇರುವುದು ಬೇರೆಡೆ. ಏಜೆಂಟ್ ನುಡಿಯುವುದಿಲ್ಲ, ನುಡಿಸುತ್ತದೆ: ಸಾಫ್ಟ್‌ವೇರ್‌ನ ಒಳಗಿನ ವಾದ್ಯವನ್ನು ಅದು ಕೈಗೆತ್ತಿಕೊಳ್ಳುತ್ತದೆ. ಅದನ್ನು ಕೆಲಸಕ್ಕೆ ಹಚ್ಚಿದ ಮನುಷ್ಯ ನುಡಿಸುವಂತೆ ಮಾಡುತ್ತಾನೆ. ‘ಇಸು’ವಿನ ಮೇಲೆ ಇನ್ನೊಂದು ‘ಇಸು’ ಬೇಕಾದ ಕಡೆ ಭಾಷೆ ಎಡವುತ್ತದೆ. ಹೊಣೆಯೂ ಅಲ್ಲಿಯೇ ಜಾರುತ್ತದೆ.

ಭಾರತದ ಕಾನೂನು, ತಿಳಿದೋ ತಿಳಿಯದೆಯೋ, ಪಾಣಿನಿಯ ಹೇತುವಿನ ಪಕ್ಷವನ್ನೇ ಹಿಡಿದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರ್‌ನಿಂದ ಹುಟ್ಟಿದ ಸಂಗೀತ ಕೃತಿಯ ಕರ್ತೃ ಎಂದರೆ ಆ ಕೃತಿ ಹುಟ್ಟುವಂತೆ ಮಾಡಿದ ವ್ಯಕ್ತಿ. ಆಗ ಶಾಸಕರ ಕಣ್ಣ ಮುಂದಿದ್ದ ಕಂಪ್ಯೂಟರ್ ಕೀಲಿಮಣೆ ಒತ್ತಿದಷ್ಟೇ ಮಾಡುತ್ತಿತ್ತು. ಒಂದು ವಾಕ್ಯದ ಅಪ್ಪಣೆಯಿಂದ ನೂರು ತೀರ್ಮಾನಗಳನ್ನು ತಾನೇ ತೆಗೆದುಕೊಳ್ಳುವ ಯಂತ್ರದ ವಿಷಯದಲ್ಲಿ ‘ಹುಟ್ಟುವಂತೆ ಮಾಡಿದ’ ಎಂಬ ಮಾತು ಎಷ್ಟು ತೂಕ ಹೊರಬಲ್ಲದು? ಕೃತಿಯ ಹಕ್ಕು ಬೇಕೆನ್ನುವವರು ಅದರ ತೀರ್ಮಾನಗಳಲ್ಲಿ ತಾವೂ ಇದ್ದೆವು ಎಂದು ತೋರಿಸಬೇಕಾಗುತ್ತದೆ. ಆದ್ದರಿಂದ ಏಜೆಂಟಿಗೆ ಕಡಿವಾಣ ಹಾಕಿದರೆ ಕಲಾವಿದರಿಗೆ ತೊಡಕು ಎಂಬ ವಾದ ನಿಲ್ಲುವುದಿಲ್ಲ; ಆ ಕಡಿವಾಣವೇ ಅವರ ಕರ್ತೃತ್ವಕ್ಕೆ ಸಾಕ್ಷಿ.

ಕೆಲಸವನ್ನು ಬೇರೆಯವರ ಕೈಯಲ್ಲಿ ಮಾಡಿಸುವುದರ ಮೇಲೆ ಅತ್ಯಂತ ಸೂಕ್ಷ್ಮವಾದ ವಿಚಾರ ನಡೆದಿರುವುದು ಪೂರ್ವಮೀಮಾಂಸೆಯಲ್ಲಿ. ಯಜ್ಞವೆಂದರೆ ಯಜಮಾನನ ಕರ್ಮ. ಆದರೆ ಅದರ ಬಹುಪಾಲನ್ನು ದಕ್ಷಿಣೆ ಪಡೆದ ಋತ್ವಿಜರು ಮಾಡುತ್ತಾರೆ. ಸೋಮಯಾಗಕ್ಕೆ 16 ಮಂದಿ ಋತ್ವಿಜರು. ಅವರು ಕೈಯಾಡಿಸಿದರೂ ಫಲ ಯಜಮಾನನಿಗೆ. ಏಕೆಂದರೆ ಕರ್ಮವನ್ನು ಹೂಡಿದವನು ಅವನು, ಋತ್ವಿಜರನ್ನು ವರಿಸಿ ತಂದವನು ಅವನು. ಮೀಮಾಂಸಕರಲ್ಲಿ ‘ಅಧಿಕಾರ’ ಎಂಬ ಮಾತಿಗೆ ಇಂದಿನ ದರ್ಪದ ಅರ್ಥವಿಲ್ಲ. ಫಲದ ಒಡೆತನವೇ ಅಧಿಕಾರ. ಫಲ ಯಾರಿಗೆ ಸೇರುತ್ತದೋ ಅವರಿಗೇ ಕರ್ಮದಲ್ಲಿ ಅಧಿಕಾರ, ಅವರದೇ ಹೊಣೆ.

ಋತ್ವಿಜರ ನಡುವೆ ಕೆಲಸ ಹಂಚಿರುವ ರೀತಿ ಗಮನಿಸುವಂಥದು. ಹೋತೃವಿಗೆ ಋಕ್ಕು, ಅಧ್ವರ್ಯುವಿಗೆ ಯಜುಸ್ಸು, ಉದ್ಗಾತೃವಿಗೆ ಸಾಮ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕುವಂತಿಲ್ಲ. 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಭದ್ರತೆಯ ಮೇಲೆ ಬರೆದ ಪ್ರಬಂಧದಲ್ಲಿ, ಪ್ರತಿಯೊಂದು ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು, ಹೆಚ್ಚು ಕೊಡಬಾರದು ಎಂದು ನಿಯಮ ಹಾಕಿದರು. ಇಂದಿಗೂ ಅದು ಆ ಶಾಸ್ತ್ರದ ತಳಹದಿ. ಯಜ್ಞಶಾಲೆ ಅದನ್ನು ಬೇರೆ ಕಾರಣಕ್ಕೆ ಪಾಲಿಸಿತು, ಆದರೂ ಪಾಲಿಸಿತು. ಡ್ರಮ್ ಟ್ರ್ಯಾಕಿನ ತಾಳ ಹೊಂದಿಸಲು ಕರೆದ ಏಜೆಂಟಿಗೆ ಗಾಯಕಿಯ ಟೇಕ್‌ಗಳಿರುವ ಫೋಲ್ಡರ್ ತೆರೆಯುವ ಕೀಲಿ ಏಕೆ?

ಯಾವುದನ್ನು ಒಪ್ಪಿಸಬಹುದು, ಯಾವುದನ್ನು ಒಪ್ಪಿಸಲಾಗದು ಎಂಬ ವಿಂಗಡಣೆ ಇನ್ನೂ ಆಳವಾದುದು. ಆಹುತಿಯಲ್ಲಿ ಎರಡು ಅಂಶಗಳಿವೆ: ದ್ರವ್ಯವನ್ನು ಬೆಂಕಿಗೆ ಹಾಕುವುದು ಒಂದು, ಅದು ಇನ್ನು ನನ್ನದಲ್ಲ, ದೇವತೆಯದು ಎಂದು ಬಿಟ್ಟುಕೊಡುವ ತ್ಯಾಗ ಇನ್ನೊಂದು. ಹಾಕುವುದು ಅಧ್ವರ್ಯುವಿನ ಕೈ. ತ್ಯಾಗ ಮಾಡಬೇಕಾದವನು ಯಜಮಾನ. ತನ್ನದನ್ನು ತನ್ನದಲ್ಲವೆನ್ನುವ ಹಕ್ಕು ಒಡೆಯನಿಗಷ್ಟೇ ಇರುವುದರಿಂದ ಅದನ್ನು ಬಾಡಿಗೆ ಬಾಯಿಂದ ಹೇಳಿಸಲಾಗದು. ಪೂರ್ವಮೀಮಾಂಸೆಯ ಸೂತ್ರಕಾರ ಜೈಮಿನಿಯ ಗ್ರಂಥದ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ಚರ್ಚೆ ಬರುತ್ತದೆ. ಭತ್ತ ಸಿಗದಿದ್ದರೆ ಅದನ್ನು ಹೋಲುವ ಕಾಡುಧಾನ್ಯವನ್ನು ಬಳಸಬಹುದು. ದ್ರವ್ಯಕ್ಕೆ ಪ್ರತಿನಿಧಿ ಉಂಟು. ಯಜಮಾನನಿಗೆ ಪ್ರತಿನಿಧಿ ಇಲ್ಲ. ಯಜಮಾನ ಇಲ್ಲದ ಕಡೆ ನಡೆದದ್ದು ಅವನ ಕರ್ಮವೇ ಅಲ್ಲ.

ಸ್ಟುಡಿಯೋದಲ್ಲಿ ತ್ಯಾಗಕ್ಕೆ ಸರಿಸಾಟಿಯಾದ ಗಳಿಗೆಗಳಿವೆ. ಹತ್ತು ಟೇಕ್‌ಗಳಲ್ಲಿ ಇದೇ ಇರಲಿ, ಉಳಿದವು ಹೋಗಲಿ ಎನ್ನುವುದು. ಹಾಡು ಮುಗಿಯಿತು ಎನ್ನುವುದು. ಅದನ್ನು ಲೋಕಕ್ಕೆ ಬಿಡುವುದು. ಮಿಕ್ಸಿಂಗ್‌ನ ಸಾವಿರ ಸಣ್ಣ ಕೆಲಸಗಳು ಅಧ್ವರ್ಯುವಿನ ಕೆಲಸಗಳು. ಅವನ್ನು ಏಜೆಂಟಿಗೆ ಧಾರಾಳವಾಗಿ ಬಿಡಬಹುದು. ಬಿಟ್ಟುಕೊಡುವ ತೀರ್ಮಾನ ಕೃತಿಯ ಒಡೆಯರದು. ಸಾಫ್ಟ್‌ವೇರ್‌ನ ರಚನೆಯೂ ಈ ವಿಂಗಡಣೆಗೆ ಹೊಂದುತ್ತದೆ. ಫೇಡರ್ ಇಳಿಸಿದರೆ, ಸ್ವರ ಬದಲಿಸಿದರೆ, ಪ್ಲಗಿನ್ ಸೇರಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಸರಿಪಡಿಸಬಹುದು. ಡಿಸ್ಕಿನಿಂದ ಅಳಿಸಿಹೋದ ರೆಕಾರ್ಡಿಂಗ್, ಹಳೆಯದರ ಮೇಲೆ ಬರೆದ ಮಿಕ್ಸ್ ಫೈಲ್, ಜಾಲಕ್ಕೆ ಏರಿಸಿದ ಹಾಡು, ಕೊಂಡ ಪ್ಲಗಿನ್ನಿಗೆ ತೆತ್ತ ಹಣ, ಇವು ಹಿಂದಕ್ಕೆ ಬರುವುದಿಲ್ಲ. ಬರೀ ನೋಡುವ ಸಲಕರಣೆಗಳಿಗೆ ಅಪ್ಪಣೆ ಬೇಡ. ಹಿಂದೆಗೆಯಬಹುದಾದ ಬದಲಾವಣೆಗಳಿಗೆ ದಾಖಲೆ ಸಾಕು. ಹಿಂದೆಗೆಯಲಾಗದ್ದಕ್ಕೆ ಮನುಷ್ಯನ ಬಾಯಿಂದಲೇ ಹೂಂ ಬರಬೇಕು.

ಯಜ್ಞಶಾಲೆಯಲ್ಲಿ ಇನ್ನೊಬ್ಬ ಋತ್ವಿಜನಿದ್ದಾನೆ, ಬ್ರಹ್ಮ ಎಂದು ಅವನ ಹೆಸರು. ದಕ್ಷಿಣ ದಿಕ್ಕಿನಲ್ಲಿ ಮೌನವಾಗಿ ಕುಳಿತು ಇಡೀ ಕರ್ಮವನ್ನು ನೋಡುತ್ತಿರುವುದು ಅವನ ಕೆಲಸ. ಎಲ್ಲಾದರೂ ತಪ್ಪಿದರೆ ಪ್ರಾಯಶ್ಚಿತ್ತ ಅವನ ಹೊಣೆ. ಕೆಲವು ಘಟ್ಟಗಳಲ್ಲಿ ಅಧ್ವರ್ಯು ಅವನ ಕಡೆ ತಿರುಗಿ ಅಪ್ಪಣೆ ಕೇಳುತ್ತಾನೆ. ಬ್ರಹ್ಮ ಹೂಂ ಎಂದ ಮೇಲೆಯೇ ಮುಂದಿನ ಹೆಜ್ಜೆ. ಪ್ರತಿ ಹೆಜ್ಜೆಗೂ ಕೇಳುವುದಿಲ್ಲ ಎಂಬುದರಲ್ಲಿ ವಿವೇಕವಿದೆ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನ ನಿಯಮಾವಳಿಯೂ ಸಲಕರಣೆ ಬಳಕೆಯನ್ನು ತಡೆಯಬಲ್ಲ ಮನುಷ್ಯನೊಬ್ಬ ನಡುವೆ ಇರುವುದು ಒಳಿತು ಎನ್ನುತ್ತದೆ. ಆದರೆ ಆ ಮನುಷ್ಯನ ಮುಂದೆ ನಿಮಿಷಕ್ಕೆ ಹತ್ತು ಬಾರಿ ‘ಒಪ್ಪಿಗೆಯೇ?’ ಎಂಬ ಪೆಟ್ಟಿಗೆ ತೆರೆದರೆ, ಹನ್ನೊಂದನೆಯದನ್ನು ಅವನು ಓದದೆಯೇ ಒತ್ತುತ್ತಾನೆ. ಎಲ್ಲದಕ್ಕೂ ಕೇಳುವ ವ್ಯವಸ್ಥೆ, ಏನನ್ನೂ ಕೇಳದ ವ್ಯವಸ್ಥೆಯಷ್ಟೇ ಅಪಾಯಕಾರಿ. ಹೊಣೆ ಮಾತ್ರ ಒತ್ತಿದವನ ತಲೆಗೆ ಬಂದಿರುತ್ತದೆ. ಬ್ರಹ್ಮನ ಮೌನಕ್ಕೆ ಅರ್ಥ ಬರುವುದು ಅವನು ಯಾವಾಗ ಮಾತಾಡಬೇಕೆಂದು ಮೊದಲೇ ಗೊತ್ತಿರುವುದರಿಂದ.

ನಂಬಿಕಸ್ಥ ಸೇವಕನೂ ಮೋಸಹೋಗಬಹುದು ಎಂಬುದನ್ನು ಮೀಮಾಂಸಕರು ಅಷ್ಟಾಗಿ ಚಿಂತಿಸಲಿಲ್ಲ. ಆ ಪಾಠ ಕಂಪ್ಯೂಟರ್ ಲೋಕದಿಂದಲೇ ಬಂದಿದೆ. 1988ರಲ್ಲಿ ನಾರ್ಮ್ ಹಾರ್ಡಿ ಎಂಬ ಎಂಜಿನಿಯರ್ ಒಂದು ಹಳೆಯ ಘಟನೆಯನ್ನು ಬರೆದಿಟ್ಟರು. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಒಂದು ಪ್ರೋಗ್ರಾಮಿಗೆ (ಕಂಪೈಲರ್) ತನ್ನ ಲೆಕ್ಕದ ಫೈಲ್ ಬರೆಯಲು ಒಂದು ಕಾಯ್ದಿಟ್ಟ ಕೋಶದ ಅಧಿಕಾರ ಕೊಟ್ಟಿದ್ದರು. ಬಳಕೆದಾರನೊಬ್ಬ ತನಗೆ ಬೇಕಾದ ಮಾಹಿತಿಯನ್ನು ಇಂಥ ಹೆಸರಿನ ಫೈಲಿಗೆ ಬರೆ ಎಂದು ಹೇಳುವಾಗ ಅದೇ ಕೋಶದಲ್ಲಿದ್ದ ಬಿಲ್ಲಿಂಗ್ ಫೈಲಿನ ಹೆಸರನ್ನು ಕೊಟ್ಟ. ಬಳಕೆದಾರನಿಗೆ ಅದನ್ನು ಮುಟ್ಟುವ ಅಧಿಕಾರವಿರಲಿಲ್ಲ, ಪ್ರೋಗ್ರಾಮಿಗೆ ಇತ್ತು. ಅದು ವಿಧೇಯವಾಗಿ ಬಿಲ್ಲಿಂಗ್ ಫೈಲಿನ ಮೇಲೆ ಬರೆದುಹಾಕಿತು. ಇಬ್ಬರು ಯಜಮಾನರ ಸೇವಕ ಯಾರ ಅಧಿಕಾರವನ್ನು ಯಾರ ಮಾತಿಗೆ ಬಳಸುತ್ತಿದ್ದೇನೆ ಎಂಬುದನ್ನೇ ಮರೆತದ್ದು ಇಲ್ಲಿನ ದೋಷ. ಏಜೆಂಟ್ ಇದೇ ಸೇವಕನ ದೊಡ್ಡ ರೂಪ. ಎಲ್ಲಿಂದಲೋ ಇಳಿಸಿಕೊಂಡ ಧ್ವನಿ ತುಣುಕಿನ ವಿವರಣೆಯಲ್ಲಿ, ಒಂದು ಟ್ರ್ಯಾಕಿನ ಹೆಸರಿನಲ್ಲಿ ಯಾರಾದರೂ ಆದೇಶದಂಥ ಮಾತನ್ನು ಅಡಗಿಸಿಟ್ಟರೆ, ಓದಬೇಕಾದದ್ದಕ್ಕೂ ಪಾಲಿಸಬೇಕಾದದ್ದಕ್ಕೂ ವ್ಯತ್ಯಾಸ ತಿಳಿಯದೆ ಅದು ಆ ಮಾತನ್ನು ನಡೆಸಿಬಿಡಬಹುದು. ಏಜೆಂಟ್ ಜಾಣವಾದಷ್ಟೂ ಈ ಅಪಾಯ ತಾನಾಗಿ ಕರಗುತ್ತದೆ ಎಂದು ನಂಬಿ ಕೂರಲಾಗದು. ಕೈಗೆ ಕೊಟ್ಟ ಕೀಲಿಗಳು ಕಡಿಮೆ ಇದ್ದಷ್ಟೂ ಮೋಸದ ಹಾನಿ ಕಡಿಮೆ; ನೆಚ್ಚಬಹುದಾದ ದಾರಿ ಅದೊಂದೇ.

ದುರುದ್ದೇಶವೇ ಇಲ್ಲದೆಯೂ ಆಗುವ ಹಾನಿ ಇನ್ನೊಂದಿದೆ. ಕರ್ನಾಟಕ ಸಂಗೀತವನ್ನು ಬಲ್ಲವರಿಗೆ ಅದು ಬೇಗ ಕಾಣುತ್ತದೆ. ತೋಡಿ ರಾಗದ ಗಾಂಧಾರ ಒಂದು ಸ್ಥಾನದಲ್ಲಿ ನಿಲ್ಲುವ ಸ್ವರವಲ್ಲ. ಗಮಕ ಎನ್ನುವ ತೂಗಾಟವೇ ಅದರ ಸ್ವರೂಪ. ಶ್ರುತಿ ತಿದ್ದುವ ಸಾಫ್ಟ್‌ವೇರ್ 1997ರಲ್ಲಿ ಆಟೋ ಟ್ಯೂನ್ ರೂಪದಲ್ಲಿ ಮಾರುಕಟ್ಟೆಗೆ ಬಂತು. ಅಂಥ ಸಲಕರಣೆಯನ್ನು 12 ಸಮಾನ ಮೆಟ್ಟಿಲುಗಳ ಅಳತೆಗೆ ಕಟ್ಟಿ ಬಿಟ್ಟರೆ, ಆ ತೂಗಾಟ ಅದಕ್ಕೆ ಗಾಯಕಿಯ ತಪ್ಪಾಗಿ ಕಾಣುತ್ತದೆ. ‘ಶ್ರುತಿ ಸರಿಮಾಡು’ ಎಂದು ಏಜೆಂಟಿಗೆ ಹೇಳಿದರೆ ಅದು ಪ್ರಾಮಾಣಿಕವಾಗಿ ಗಮಕವನ್ನು ಇಸ್ತ್ರಿ ಮಾಡಿಬಿಡುತ್ತದೆ. ಆದೇಶ ಪಾಲನೆಯಾಯಿತು, ರಾಗ ಹೋಯಿತು. ಸಂಸ್ಥೆಯೊಂದು ಇದೇ ಭಯದಿಂದ ಸಲಕರಣೆಯನ್ನೇ ಹೊರಗಿಟ್ಟ ಉದಾಹರಣೆಯೂ ಇದೆ. 1940ರಲ್ಲಿ ಆಕಾಶವಾಣಿ ತನ್ನ ಪ್ರಸಾರದಿಂದ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಮೀಂಡು, ಗಮಕಗಳನ್ನು ಅದು ತರಲಾರದು, ಅದರ ಸ್ವರಗಳು ಗಟ್ಟಿಯಾಗಿ ಕಟ್ಟಿಹಾಕಿದಂಥವು ಎಂಬುದು ಮುಖ್ಯ ಆಕ್ಷೇಪ. ನಿಷೇಧ ಸಡಿಲವಾದದ್ದು 1971ರಲ್ಲಿ. ಸಿಂಗಾನಲ್ಲೂರಿನಲ್ಲಿ ವಿಶ್ವನಾಥನ್ ಕದ್ದು ನುಡಿಸಿದ್ದು ಆ ನಿಷೇಧದ ಕಾಲದಲ್ಲಿ, ಅದೇ ವಾದ್ಯವನ್ನು. ಆಕ್ಷೇಪ ಸುಳ್ಳಾಗಿರಲಿಲ್ಲ, ಆದರೆ ಸಲಕರಣೆಯನ್ನು ಪೂರ್ತಿ ಹೊರಗಿಟ್ಟದ್ದು ಮದ್ದಾಗಲಿಲ್ಲ. ಹಾರ್ಮೋನಿಯಂಗೆ ಬಾರದ ಗಮಕವನ್ನು ಹಾಡುವವರ ಕಂಠ ತುಂಬಿಕೊಡುತ್ತಿತ್ತು. ಎಲ್ಲಿ ಯಂತ್ರ ಕುರುಡೋ ಅಲ್ಲಿ ಮನುಷ್ಯನ ಕಿವಿಯನ್ನು ನಿಲ್ಲಿಸುವುದು ನಿಷೇಧಕ್ಕಿಂತ ಕಷ್ಟದ ಕೆಲಸ, ಆದರೆ ಸಂಗೀತಕ್ಕೆ ಬೇಕಾದದ್ದು ಅದೇ. ಗಾಯಕರ ದನಿಯ ಮೇಲೆ ಶ್ರುತಿ ತಿದ್ದುವ ಸಲಕರಣೆಯನ್ನು ಏಜೆಂಟಿಗೆ ತಾನಾಗಿ ಬಳಸಲು ಬಿಡಬಾರದು ಎಂಬುದಕ್ಕೆ ಇಷ್ಟು ಕಾರಣ ಸಾಕು. ತಿದ್ದಿದ್ದು ಹಿಂದಕ್ಕೆ ಬರುತ್ತದೆ, ಆದರೆ ತಿದ್ದಿದ್ದೇ ಗೊತ್ತಾಗದಿದ್ದರೆ ಹಿಂದಕ್ಕೆ ತರುವವರು ಯಾರು?

ಅಧಿಕಾರ ಎಂಬ ಮಾತನ್ನು ಇಷ್ಟು ಗೌರವದಿಂದ ಬಳಸುವಾಗ ಅದರ ಕರಾಳ ಮುಖವನ್ನು ಮುಚ್ಚಿಡಲಾಗದು. ಜೈಮಿನಿಯ ಅದೇ ಆರನೆಯ ಅಧ್ಯಾಯ ಶೂದ್ರರಿಗೆ ಯಜ್ಞದಲ್ಲಿ ಅಧಿಕಾರವಿಲ್ಲ ಎಂದು ತೀರ್ಮಾನಿಸುತ್ತದೆ. ಬಾದರಿ ಎಂಬ ಆಚಾರ್ಯ ಅಧಿಕಾರ ಎಲ್ಲರಿಗೂ ಇದೆ ಎಂದು ವಾದಿಸಿದ್ದನೆಂಬುದನ್ನು ಗ್ರಂಥ ದಾಖಲಿಸುತ್ತದೆ, ಬಳಿಕ ಅವನ ವಾದವನ್ನು ತಳ್ಳಿಹಾಕುತ್ತದೆ. ಮುಟ್ಟಬಾರದು, ಓದಬಾರದು, ಒಳಗೆ ಬರಬಾರದು ಎಂಬ ಮಾತುಗಳು ಈ ನೆಲದಲ್ಲಿ ಮನುಷ್ಯರ ಮೇಲೆ ಎಸಗಿದ ಕ್ರೌರ್ಯ ಸಣ್ಣದಲ್ಲ. ಹನ್ನೆರಡನೆಯ ಶತಮಾನದ ಶರಣರು ಎದ್ದು ನಿಂತದ್ದು ಅದರ ವಿರುದ್ಧವೇ. ಆಫೀಸ್ ಹುಡುಗನ ಧಾಟಿಯನ್ನು ಕಂಪನಿ ಒಪ್ಪದು ಎಂಬ ನಾಯ್ಡು ಅವರ ಅಳುಕಿನಲ್ಲೂ ಆ ಹಳೆಯ ಗೋಡೆಯ ನೆರಳಿದೆ. ಹಾಗಾದರೆ ಏಜೆಂಟನ್ನು ತಡೆಯುವುದೂ ಅದೇ ಗೋಡೆಯೇ? ಅಲ್ಲ. ಹುಡುಗನಿಗೆ ಹೆಸರು ಸಲ್ಲಬಹುದಿತ್ತು, ಅವಮಾನ ತಟ್ಟಬಹುದಿತ್ತು, ತಪ್ಪಿಗೆ ಅವನೇ ಉತ್ತರ ಕೊಡಬಲ್ಲವನಾಗಿದ್ದ. ಕಲಿತು ಕಲಿತು ನಾಯ್ಡು ಅವರ ಕುರ್ಚಿಯಲ್ಲಿ ಕೂರಬಲ್ಲವನೂ ಆಗಿದ್ದ, ಕೂತ. ಮೀಮಾಂಸಕರದೇ ಅಳತೆಗೋಲಿನಿಂದ ಅಳೆದರೂ ಫಲಕ್ಕೆ ಒಡೆಯನಾಗಬಲ್ಲವನನ್ನು ಅಧಿಕಾರದಿಂದ ದೂರವಿಟ್ಟದ್ದು ಅವರ ಶಾಸ್ತ್ರದ ದೋಷ, ಬಾದರಿಯೇ ಸರಿ. ಏಜೆಂಟಿಗೆ ಫಲವೂ ಇಲ್ಲ, ದಂಡವೂ ತಟ್ಟದು. ಅದರ ಕೈ ಕಟ್ಟಿದರೆ ಯಾರ ಹಕ್ಕೂ ಕಡಿಮೆಯಾಗುವುದಿಲ್ಲ. ಬಿಚ್ಚಿಬಿಟ್ಟರೆ ಹಾಡಿದವರ, ನುಡಿಸಿದವರ ಹಕ್ಕು ಕಡಿಮೆಯಾಗಬಹುದು.

ಏಜೆಂಟ್ ಕರ್ತೃವೇ ಅಲ್ಲ, ಬರೀ ಕರಣ ಎಂದುಬಿಡಬಹುದೇ? ಕೊಡಲಿಗೂ ಅದಕ್ಕೂ ವ್ಯತ್ಯಾಸವಿಲ್ಲ ಎನ್ನುವುದು ಸುಲಭ, ಆದರೆ ಸತ್ಯವಲ್ಲ. ಕೊಡಲಿ ಯಾವ ಮರವನ್ನು ಕಡಿಯಬೇಕೆಂದು ಆರಿಸುವುದಿಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕೆಲಸಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಆಶ್ರಯ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ಐದಿರುವಾಗ ತಾನೊಬ್ಬನೇ ಮಾಡಿದೆ ಎನ್ನುವವನು ಸರಿಯಾಗಿ ಕಾಣಲಾರ ಎಂಬುದು ಅಲ್ಲಿನ ವಿಚಾರ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ಇರುವುದನ್ನೆಲ್ಲ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ಒಡೆಯುತ್ತಾರೆ. ಸ್ವತಂತ್ರನು ವಿಷ್ಣು ಒಬ್ಬನೇ, ಜೀವರೆಲ್ಲ ಅಸ್ವತಂತ್ರರು. ಆದರೂ ಜೀವನಿಗೆ ಕರ್ತೃತ್ವವಿದೆ, ಅದು ಪರಾಧೀನವಾದ ಕರ್ತೃತ್ವ. ಆದ್ದರಿಂದಲೇ ಅವನಿಗೆ ವಿಧಿನಿಷೇಧಗಳು ಅನ್ವಯಿಸುತ್ತವೆ. ಪರಾಧೀನವಾಗಿದ್ದೂ ಕರ್ತೃವಾಗಿರಬಹುದು ಎಂಬ ಈ ನೋಟ ಏಜೆಂಟನ್ನು ಅರಿಯಲು ನೆರವಾಗುತ್ತದೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಜೀವನಿಗೆ ಸುಖದುಃಖಗಳಿವೆ, ಮಾಡಿದ್ದನ್ನು ಉಣ್ಣುವ ಭೋಕ್ತೃತ್ವವಿದೆ. ಏಜೆಂಟಿನಲ್ಲಿ ಆಯ್ಕೆಯ ಛಾಯೆಯಿದೆ. ಉಣ್ಣುವ ಬಾಯಿ ಇದೆಯೆಂದು ಹೇಳಲು ಆಧಾರವಿಲ್ಲ. ಅದರದು ಉಣ್ಣುವವನಿಲ್ಲದ ಕರ್ಮ. ಅಂಥ ಕರ್ಮಕ್ಕೆ ಉಣ್ಣುವವರನ್ನು ಗೊತ್ತುಮಾಡಿಕೊಡುವುದೇ ಅಧಿಕಾರದ ಗೆರೆ ಎಳೆಯುವವರ ಕೆಲಸ.

ಇದು ಅತ್ಯಂತ ಬಿಗಿಯಾಗಬೇಕಾದದ್ದು ದನಿಯ ವಿಷಯದಲ್ಲಿ. 2024ರ ಜನವರಿಯಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರದ ಹಾಡೊಂದರಲ್ಲಿ ತೀರಿಕೊಂಡ ಗಾಯಕರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ಮರಳಿ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟೇ ಹಾಗೆ ಮಾಡಿದ್ದೆಂದು ತಿಳಿಸಿದರು. ಅದೇ ವರ್ಷದ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ದನಿಯನ್ನು ಒಪ್ಪಿಗೆಯಿಲ್ಲದೆ ಅನುಕರಿಸುವ ಸಲಕರಣೆಗಳಿಗೆ ತಡೆ ಕೊಟ್ಟಿತು. ದನಿ ಎಂಬುದು ಸಲಕರಣೆಯೂ ಹೌದು, ವ್ಯಕ್ತಿಯೂ ಹೌದು. ಕರಣ ಮತ್ತು ಕರ್ತೃ ಎಂಬ ಪಾಣಿನಿಯ ಎರಡು ಕೋಣೆಗಳ ನಡುವಿನ ಗೋಡೆ ದನಿಯ ಮುಂದೆ ನಿಲ್ಲುವುದಿಲ್ಲ. ಕುಟುಂಬದ ಒಪ್ಪಿಗೆ ಕಾನೂನಿಗೆ ಸಾಕಾಗಬಹುದು. ಯಜಮಾನನಿಗೆ ಪ್ರತಿನಿಧಿಯಿಲ್ಲ ಎಂದ ಮೀಮಾಂಸಕನಿಗೆ ಅದು ಸಾಕೆನಿಸದು. ಸತ್ತವರು ಈ ಸಾಲನ್ನು ಹೀಗೆ ಹಾಡು, ಹೀಗೆ ಬೇಡ ಎಂದು ಹೇಳಲಾರರು. ಒಬ್ಬ ಗಾಯಕಿಯ ದನಿಯ ಮಾದರಿಯನ್ನು ತೆರೆಯುವ ಕೀಲಿ ಯಾವ ಏಜೆಂಟಿಗೂ ಸದಾಕಾಲಕ್ಕೆ ಸಲ್ಲಬಾರದು. ಯಾವ ಹಾಡಿಗೆ, ಎಷ್ಟು ದಿನಕ್ಕೆ, ಯಾರ ಕಣ್ಣೆದುರು ಎಂಬುದು ಅಪ್ಪಣೆಯಲ್ಲೇ ಬರೆದಿರಬೇಕು.

ಹೀಗೆ ಅವಧಿಗೆ ಕಟ್ಟಿದ ಅಪ್ಪಣೆ ಸಿಂಗಾನಲ್ಲೂರಿನ ಸೀಮೆಗೆ ಹೊಸದಲ್ಲ. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನೇಕಾರ ದೇವಾಂಗರು ಚೌಡೇಶ್ವರಿಯ ಒಕ್ಕಲು. ಅಮ್ಮನನ್ನು ಗುಡಿಗೆ ಕರೆತರುವ ಉತ್ಸವದಲ್ಲಿ ವೀರಕುಮಾರರೆನಿಸಿದ ಭಕ್ತರು ಕತ್ತಿ ಹಿಡಿದು ಎದೆಗೆ ಬಡಿದುಕೊಳ್ಳುತ್ತ ಅಲಗು ಸೇವೆ ಮಾಡುತ್ತಾರೆ. ಎದೆ ಸೀಳಬಲ್ಲ ಅಲಗು ಅದು, ಎಲ್ಲರ ಕೈಗೂ ಅಲ್ಲ, ಎಲ್ಲ ದಿನಕ್ಕೂ ಅಲ್ಲ. ದಕ್ಷಿಣದ ಹಬ್ಬಗಳಲ್ಲಿ ವ್ರತ ಹಿಡಿದವರು ಕಂಕಣ ಕಟ್ಟಿಸಿಕೊಳ್ಳುತ್ತಾರೆ. ಅದು ಕೈಯಲ್ಲಿರುವಷ್ಟು ದಿನ ಅವರಿಗೆ ಬೇರೆಯವರಿಗಿಲ್ಲದ ಕೆಲಸಗಳೂ ಉಂಟು, ಬೇರೆಯವರಿಗಿಲ್ಲದ ಕಟ್ಟುಗಳೂ ಉಂಟು. ಉತ್ಸವ ಮುಗಿದ ಮೇಲೆ ಕಂಕಣ ಬಿಚ್ಚುತ್ತಾರೆ, ಅಧಿಕಾರವೂ ಅದರೊಡನೆ ಇಳಿಯುತ್ತದೆ. ಮುಂದಿನ ವರ್ಷಕ್ಕೆ ಮತ್ತೆ ಕಟ್ಟಬೇಕು. ಒಂದು ಹಾಡಿನ ಕೆಲಸಕ್ಕೆಂದು ಏಜೆಂಟಿಗೆ ಕೊಟ್ಟ ಕೀಲಿ ಆ ಹಾಡು ಮುಗಿದ ಕ್ಷಣ ಸಾಯುವಂತೆ ಸಾಫ್ಟ್‌ವೇರ್ ಬರೆಯುವುದು ಸಾಧ್ಯ. ಕೊಟ್ಟ ದಿನ, ಕೊಟ್ಟವರ ಹೆಸರು, ಆ ಕೀಲಿಯಿಂದ ತೆರೆದ ಒಂದೊಂದು ಟ್ರ್ಯಾಕ್, ತಿದ್ದಿದ ಒಂದೊಂದು ಸಾಲು ದಾಖಲೆಯಲ್ಲಿ ಉಳಿಯುವಂತೆ ಮಾಡುವುದೂ ಸಾಧ್ಯ. ಸುಬ್ಬಯ್ಯ ನಾಯ್ಡು ಅವರ ಕೋಣೆಯಲ್ಲಿ ಅಂಥ ದಾಖಲೆ ಇದ್ದಿದ್ದರೆ, ಆ ಧಾಟಿ ಯಾರದೆಂದು ತಿಳಿಯಲು ಜ್ಯೂಪಿಟರ್ ಊರು ಬಿಡುವವರೆಗೆ ಕಾಯಬೇಕಾಗಿರಲಿಲ್ಲ.